ಕನ್ನಡದ ಆಯಿ, ಮರಾಠಿಯ ಆಯಿ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಯಾರಾದರೂ ಒಂದು ಚಿತ್ರ ನೋಡಿ "ಥೇಟ್ ಫೋಟೋ ತಗದಂಗ ಐತಿ ನೋಡ್ರಿ" ಅಂದರೆ ಮೈಯೆಲ್ಲ ಉರಿಯುತ್ತಿತ್ತು. ದೇವರಿಗೆ ಅದು ಗೊತ್ತಿತ್ತೋ ಏನೋ, ಎಂಬತ್ತರ ದಶಕದ ಕೊನೆಯಲ್ಲಿ ಅದೇ ಮಾತನ್ನು ಮೂರು ಹೊತ್ತೂ ಆಡುವ ಮಾಸ್ತರೊಬ್ಬರ ಜೊತೆ ನನ್ನನ್ನು ಊರೂರು ಅಲೆಸಿದ.

ನಾನಾಗ ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಮಾಸ್ತರು ಅದೇ ಕೆಲಸ ಮಾಡಿ ನಿವೃತ್ತರಾದವರು. ಹೊಸದಾಗಿ ತೆರೆಯಲಿದ್ದ ಸಣ್ಣ ಮ್ಯೂಸಿಯಂ ಒಂದರವರು, ನಮ್ಮ ಸೀಮೆಯ ಬದುಕನ್ನು ಇದ್ದದ್ದು ಇದ್ದಂತೆ ಬರೆದ ಹಳೆಯ ಚಿತ್ರಗಳನ್ನು ಆರಿಸಿಕೊಡಿ ಎಂದು ನಮ್ಮಿಬ್ಬರಿಗೆ ಒಪ್ಪಿಸಿದ್ದರು. ನಿಪ್ಪಾಣಿಯಿಂದ ಅಥಣಿಯವರೆಗೆ ಯಾರ ಪಡಸಾಲೆಯಲ್ಲಿ ಏನು ತೂಗುಹಾಕಿದ್ದಾರೋ ನೋಡುವುದು, ಒಳ್ಳೆಯದಿದ್ದರೆ ಕೇಳಿ ತರುವುದು. ತಂದದ್ದನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. "ಕೂಸಿಗೆ ತಿಕೀಟ ಬ್ಯಾಡೇನ್ರಿ ಬಾಯಾರ?" ಎಂದು ಕಂಡಕ್ಟರು ಕಾಡುತ್ತಿದ್ದರು. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರ ಅಂತಲೇ ಅನ್ನುವುದು.

ಉಗಾರ ಬುದ್ರುಕದಲ್ಲಿ ನಮಗಿಬ್ಬರಿಗೂ ಜಗಳವೇ ಆಯಿತು. ಕೃಷ್ಣೆಯ ದಂಡೆಯ ಮೇಲೆ ಕಬ್ಬಿನ ಗಾಡಿಗಳು ನಿಂತ ದೊಡ್ಡ ಚಿತ್ರ. ಮಾಸ್ತರು ಕರಗಿಹೋದರು.

"ಎತ್ತಿನ ಕೊರಳಾಗಿನ ಗೆಜ್ಜಿ ಸುದ್ದಾ ಬಿಟ್ಟಿಲ್ಲಲ್ಲರಿ! ಇದಕ್ಕ ಅನ್ನೂದು ವಾಸ್ತವ."

"ಗೆಜ್ಜಿ ಹಾಳಾಗಲಿ, ನೀರು ನೋಡ್ರಿ. ಮಸಿ ಬಾಟ್ಲಿ ಉರುಳಿದಂಗ ಐತಿ. ಇಷ್ಟು ನೀಲಿ ಕೃಷ್ಣಾ ನೀವು ಎಂದರ ನೋಡೀರೇನು?"

"ಬ್ಯಾಸಿಗ್ಯಾಗ ತಿಳಿ ಇರತೈತಲ್ಲ."

"ತಿಳಿ ಬ್ಯಾರೆ, ನೀಲಿ ಬ್ಯಾರೆ ರೀ!"

ಚಿತ್ರವನ್ನು ಅಲ್ಲೇ ಬಿಟ್ಟು ಬಂದೆವು. ರಾಯಬಾಗ ಬರುವ ತನಕ ಮಾಸ್ತರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಬೇಡಕಿಹಾಳದ ಮನೆಗೆ ಹೋದದ್ದು ಅದಾದ ಮೇಲೆ. ಚಿತ್ರದ ಒಡತಿ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡು, ಅದೇ ಮನೆಯಲ್ಲಿ ಸೋದರಮಾವನ ಹತ್ತಿರ ಬೆಳೆದು, ಮಾವನ ಮಗನನ್ನೇ ಮದುವೆಯಾಗಿದ್ದಳು. ಅಪ್ಪ ಕೊಗನೊಳ್ಳಿಯ ಮರಾಠಿ ಮಾತಿನವರು, ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಅವರೂ ಇವಳು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು.

ಚಹಾ ಕೊಡುತ್ತ ಅವಳೇ ಹೇಳಿದಳು. "ಹಡದಾಕಿ ಮಾರಿ ಹೆಂಗಿತ್ತಂತ ನನಗ ಗೊತ್ತಿಲ್ಲರಿ ಬಾಯಾರ. ಒಂದು ಫೋಟೋ ಇಲ್ಲ. ಕನ್ನಡಿ ನೋಡಿದಾಗೊಮ್ಮೆ, ಹಿಂಗ ಇದ್ದಳೋ ಏನೋ ಅನಸತೈತಿ. ಅಪ್ಪಾ ಬರದದ್ದು ಇದೊಂದ ಉಳದೈತಿ, ನಮ್ಮ ಆಯೀದು. ಒಯ್ರಿ, ನಾಕ ಮಂದಿ ನೋಡ್ಲಿ."

ಹೊಲದ ಬದುವಿನಲ್ಲಿ ಕುಳಿತು ಸೀತನಿ ತಿಕ್ಕುತ್ತಿರುವ ಹೆಂಗಸು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದುತ್ತಿದ್ದಾಳೆ. ಊದುವಾಗ ಉಬ್ಬಿದ ಆ ಗಲ್ಲ! ಅಯ್ಯ, ನನಗೆ ಬಾಯಲ್ಲಿ ನೀರೇ ಬಂತು. ಇಷ್ಟು ದಿನ ಹುಡುಕಿದ್ದು ಇದನ್ನೇ. ಮ್ಯೂಸಿಯಮ್ಮಿನ ಎದುರು ಗೋಡೆಯ ಮೇಲೆ ಅದನ್ನು ಮನಸ್ಸಿನಲ್ಲೇ ತೂಗುಹಾಕಿಬಿಟ್ಟೆ.

ಮಾಸ್ತರು ಮಾತ್ರ ಮೂಗು ಮುರಿದರು. "ಕೂದಲಾ ಮುದುಕೀದು, ಮಾರಿ ಹರೇದಾಕೀದು. ಎಲ್ಲಿ ಬಂತ್ರಿ ಇದರಾಗ ವಾಸ್ತವ? ತಪ್ಪು ಬರದಾರ."

ಅವರ ಬಾಯಿ ಮುಚ್ಚಿಸಬೇಕೆಂದೇ ನಾನು ಚಿತ್ರವನ್ನು ಇಳಿಸಿ ಬಾಗಿಲ ಬೆಳಕಿಗೆ ಹಿಡಿದೆ. ಕೂದಲ ಮೇಲಿದ್ದ ಬಿಳುಪೇ ಹೆಗಲ ಮೇಲೂ ಇತ್ತು, ಸೆರಗಿನ ಅಂಚಿನಲ್ಲೂ ಇತ್ತು. ಅದು ನರೆಯಲ್ಲ, ಊದಿದಾಗ ಹಾರಿ ಕೂತ ಬೂದಿ. ಕೊರಳಲ್ಲಿ ಒಂದು ಸುಕ್ಕಿಲ್ಲ. ಮುಂಗೈಯಲ್ಲಿ ನರ ಎದ್ದಿಲ್ಲ.

ಗಡಿಯಲ್ಲಿ ಹುಟ್ಟಿದವಳಿಗೆ ತಟ್ಟನೆ ಹೊಳೆಯುವ ಪ್ರಶ್ನೆ ಅದು, ಕೇಳಿಯೇಬಿಟ್ಟೆ. "ತಂಗೀ, ಇಕೀ ಕನ್ನಡದ ಆಯಿನೋ, ಮರಾಠಿ ಆಯಿನೋ?"

ನಮ್ಮ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ. ಮರಾಠಿಯಲ್ಲಿ ಅಮ್ಮ.

ಅವಳು ನಕ್ಕಳು. "ಆಯಿ ಅಂದ್ರ ಆಯಿ. ಅದರಾಗ ಕನ್ನಡ ಮರಾಠಿ ಏನು ಬಂತ್ರಿ?"

ಅವಳ ಅತ್ತೆ ಒಳಗೆ ಕಾಳು ಹಸನು ಮಾಡುತ್ತ ಕೂತಿದ್ದರು. ಕಾಗವಾಡ ಕಡೆಯ ಮರಾಠಿ ಮನೆಯಲ್ಲಿ ಹುಟ್ಟಿದವರು. ಅಲ್ಲಿಂದಲೇ ಅಂದರು. "ಯಾರ ಆಯಿ ಅಂತ ಏನ ಕೇಳ್ತೀರಿ? ಇಕೀ ಆಯಿ. ಇಕೀನ್ನ ಹಡದಾಕಿ."

ಅವಳು ಬಾಗಿಲಿಗೆ ಬಂದು ಚಿತ್ರದೊಳಗಿನ ಮುಖದ ಹತ್ತಿರ ತನ್ನ ಮುಖ ತಂದಳು. ಅತ್ತೆ ಗಾಬರಿಯಾಗಿ ಮೊರ ಕೆಳಗಿಟ್ಟು ಎದ್ದು ಬಂದರು. "ಯಾಕಬೇ, ನಿನಗ ಗೊತ್ತಿರಲಿಲ್ಲೇನು? ಸಣ್ಣಾಕಿ ಇದ್ದಾಗ ಇದ್ಯಾರು ಅಂತ ಕೇಳಿದಿ, ಆಯಿ ಅಂತ ಹೇಳಿದೆ. ಮತ್ತೇನ ಹೇಳಬೇಕಿತ್ತು?"

ಯಾರೂ ಸುಳ್ಳು ಹೇಳಿರಲಿಲ್ಲ. ಯಾರೂ ಮುಚ್ಚಿಟ್ಟಿರಲಿಲ್ಲ. ಮಾವ ಸತ್ತ ತಂಗಿಯ ಮಾತು ಎತ್ತುತ್ತಿರಲಿಲ್ಲ. ಅತ್ತೆ ಅವ್ವ ಎಂದುಕೊಂಡು ಆಯಿ ಅಂದರು, ಸೊಸೆ ಅಜ್ಜಿ ಎಂದುಕೊಂಡು ಆಯಿ ಅಂದಳು. ಒಂದೇ ಮನೆ, ಒಂದೇ ಮಾತು, ಹಾಗೇ ವರ್ಷಗಳು ಹೋಗಿಬಿಟ್ಟಿದ್ದವು.

ಅವಳು ನನ್ನ ಕೈಯಿಂದ ಚಿತ್ರವನ್ನು ತೆಗೆದುಕೊಂಡಳು. ಸೆರಗಿನಿಂದ ಆ ಕೂದಲ ಮೇಲಿನ ಬೂದಿಯನ್ನು ಒರೆಸಲು ನೋಡಿದಳು, ಬಣ್ಣದ ಬೂದಿಯನ್ನು. ನನಗೆ ಕಣ್ಣು ತುಂಬಿ ಬಂದು ಮುಖ ಆಚೆ ತಿರುಗಿಸಿದೆ. ಮಾಸ್ತರು ಕೆಮ್ಮಿದರು.

"ಈಗ ಕೊಡಾಕ ಆಗಾಂಗಿಲ್ಲರಿ ಬಾಯಾರ, ಸಿಟ್ಟಾಗಬ್ಯಾಡ್ರಿ" ಅಂದಳು. "ಇಷ್ಟ ವರ್ಷ ಆಯಿ ಅಂದೇನಿ. ಒಮ್ಮೆನೂ ಅವ್ವಾ ಅಂದಿಲ್ಲ."

ಬರಿಗೈಯಲ್ಲಿ ಬಸ್ಸು ಹತ್ತಿದೆವು. ಸುಳ್ಳು ಯಾಕೆ ಹೇಳಲಿ, ಖಾಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಚಿತ್ರಕ್ಕೇ ಆಸೆಪಡುತ್ತಿದ್ದೆ. ಅಂಥ ಚಿತ್ರ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಸಿಗಲೂ ಇಲ್ಲ. ಎದುರು ಗೋಡೆ ಖಾಲಿ ಉಳಿದು, ಕೊನೆಗೆ ಮಾಸ್ತರ ನೀಲಿ ಕೃಷ್ಣೆಯೇ ಅಲ್ಲಿ ಬಂದು ಕೂತಳು.

ಉದ್ಘಾಟನೆಗೆ ಬೇಡಕಿಹಾಳದಿಂದ ಅವಳೂ ಬಂದಿದ್ದಳು; ಎದುರು ಗೋಡೆಯನ್ನು ಅವಳ ಅವ್ವನಿಗೆಂದು ಇಟ್ಟಿದ್ದೆ ಎಂದು ಕರೆಯುವ ಕಾಗದದಲ್ಲಿ ಬರೆದಿದ್ದೆ. ನೀಲಿ ಹೊಳೆಯ ಮುಂದೆ ನಿಂತು, "ನಮ್ಮವ್ವನ ಜಾಗಾ ಇದ ಏನ್ರಿ?" ಎಂದು ಕೇಳಿದಳು. ಹೌದು ಅಂದೆ. "ನೀರು ಭಾಳ ನೀಲಿ ಆತ್ರಿ" ಅಂದಳು. ಪಕ್ಕದಲ್ಲಿ ಮಾಸ್ತರು ಇದ್ದರು, ನನಗೆ ನಗು ತಡೆಯಲಾಗಲಿಲ್ಲ.

ಫರಾಳ ತಿಂದು ಹೋಗು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಚಪ್ಪಲಿ ಮೆಟ್ಟುತ್ತ, ಎಲ್ಲ ಹೆಣ್ಣುಮಕ್ಕಳೂ ಹೇಳುವ ಹಾಗೆಯೇ ಹೇಳಿದಳು.

"ಲಗೂ ಹೋಗಬೇಕ್ರಿ ಬಾಯಾರ. ಮನ್ಯಾಗ ನಮ್ಮವ್ವ ಅದಾಳ."