ಚಹಾದ ಒಗರು, ಅಕ್ಕನ ಮೂಳೆ

ಅಕ್ಕ ಹರಿಹರದಿಂದ ಮಲೆಬೆನ್ನೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ, ಕೂತಂತೆ ಬಿದ್ದಳು. ಅಷ್ಟಕ್ಕೇ ಚಪ್ಪೆ, ಸೊಂಟದ ಕೆಳಗಿನ ಕೀಲು, ಮುರಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಟೊಳ್ಳಾಗ್ಯಾವ್ರಿ. ತೊಡೆ ಮೂಳೆ ಗುಂಡು ತೆಗೆದು ಲೋಹದ್ದು ಕೂಡಿಸ್ಬೇಕಾಗ್ತತೆ" ಅಂದರು.

ನಾನು ಅದೇ ಊರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಚಹಾ ಕುಡಿದಾಗ ನಾಲಿಗೆಗೆ ಹತ್ತುತ್ತದಲ್ಲ ಒಗರು, ಅದನ್ನು ಕೊಡುವ ಪಾಲಿಫಿನಾಲ್‌ಗಳು ಮೂಳೆ ಕಟ್ಟುವ ಜೀವಕೋಶಗಳಿಗೆ ಏನು ಮಾಡುತ್ತವೆ ಎಂದು ನೋಡುವುದು ನಮ್ಮ ಕೆಲಸ. ಆ ಕೋಶಗಳನ್ನು ಇಂಥ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂಳೆಯ ಚೂರುಗಳಿಂದಲೇ ಬೆಳೆಸಿಕೊಳ್ಳುತ್ತಿದ್ದೆವು. ರೋಗಿಗಳ ಒಪ್ಪಿಗೆ ಕೇಳಲು ಬೇರೆಯವರಿದ್ದರು. ಅಕ್ಕನನ್ನೂ ಅವರೇ ಕೇಳಿದರು. "ಹೆಂಗೂ ಎಸೆಯೋದೇ ಅಲ್ವೇನ್ರಿ, ತಗೋರಿ" ಅಂದಳಂತೆ. ಬಂದ ಮಾದರಿಗಳ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಅಕ್ಕ ಚಹಾ ಬಿಟ್ಟಳು. ಹಾಲಿಲ್ಲದ ಗಟ್ಟಿ ಚಹಾ ಅವಳ ಜೀವ. ಸಂಜೆ ಶಾಲೆಯಿಂದ ಬಂದವಳು ಅದನ್ನು ಕುಡಿಯುವವರೆಗೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

"ಯಾಕಕ್ಕ ಬಿಟ್ಟೆ?"

"ಚಾ ಮೂಳಿ ತಿಂದು ಹಾಕ್ತತಂತೆ. ನೋಡಾಕ ಬಂದೋರೆಲ್ಲ ಹಂಗೇ ಅಂತಾರೆ. ನೀನು ಅದನ್ನೇ ನೋಡಾಕಿ, ನೀ ಹೇಳು."

ನಾನು ಕಂಡದ್ದನ್ನು ಹೇಳಿದೆ. ಚಹಾದ ಸಾರ ಸ್ವಲ್ಪವೇ ಹಾಕಿದರೆ ಕೋಶಗಳು ಮೂಳೆ ಗಟ್ಟಿ ಮಾಡುವ ಸುಣ್ಣವನ್ನು ಹೆಚ್ಚು ಕಟ್ಟುತ್ತವೆ. ಜಾಸ್ತಿ ಹಾಕಿದರೆ ಮುದುಡಿ ಸಾಯುತ್ತವೆ. ಆದರೆ ಅದು ನಾವು ಕೋಶ ಬೆಳೆಸುವ ತಟ್ಟೆಯೊಳಗಿನ ಮಾತು. ಲೋಟದಲ್ಲಿ ಕುಡಿದದ್ದು ಹೊಟ್ಟೆ, ರಕ್ತ ದಾಟಿ ಮೂಳೆಗೆ ಎಷ್ಟು ತಲುಪುತ್ತದೋ, ತಲುಪಿ ಏನು ಮಾಡುತ್ತದೋ ನನಗೆ ಗೊತ್ತಿಲ್ಲ.

"ಇಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲೇ" ಅಂದು ಗೋಡೆ ಕಡೆ ಹೊರಳಿದಳು. ಅವಳನ್ನು ಸಮಾಧಾನ ಮಾಡಲು ಒಂದು ಸುಳ್ಳು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ವಾಕರ್ ಹಿಡಿದು ನಡೆಯುವಂತಾದಾಗ, ಡಾಕ್ಟರಿಗೆ ತೋರಿಸಲು ಬಂದವಳು ಪ್ರಯೋಗಾಲಯ ನೋಡಬೇಕೆಂದಳು. ನಮ್ಮ ಮುಖ್ಯಸ್ಥೆ ಮೇಡಂ ಒಪ್ಪಿದರು. ಸೂಕ್ಷ್ಮದರ್ಶಕದ ಮುಂದೆ ಸ್ಟೂಲ್ ಎಳೆದು ಕೂಡಿಸಿದೆ. ಸುಣ್ಣಕ್ಕೆ ಅಂಟುವ ಬಣ್ಣ ಹಾಕಿದ ತಟ್ಟೆಯಲ್ಲಿ ಅಲ್ಲಲ್ಲಿ ಕೆಂಪು ಗಂಟುಗಳಿದ್ದವು.

"ಎಲಿ ಅಡಿಕಿ ಉಗುಳಿದಂಗೈತೆ" ಅಂದಳು. ಆಮೇಲೆ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಇದ್ರಾಗೆ ನಂದು ಯಾವ್ದು?"

"ಗೊತ್ತಿಲ್ಲಕ್ಕ. ಇವು ನಿನ್ನವೋ ಬೇರೆಯವರವೋ ನಮಗೆ ಹೇಳಲ್ಲ."

"ಹಂಗಾರೆ ಇನ್ನೊಬ್ರು ಯಾರೋ ನನ್ನಂಗೆ ಬಿದ್ದಾರೆ" ಅಂದಳು. ಅವಳ ದನಿ ತಗ್ಗಿತ್ತು. ಬಿದ್ದ ದಿನದಿಂದ ಒಮ್ಮೆಯೂ ಅಳದವಳು ಅಲ್ಲಿ, ಆ ಸ್ಟೂಲಿನ ಮೇಲೆ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತು ಹರಿಹರಕ್ಕೆ ಹಿಂತಿರುಗುವ ಮೊದಲು ಬಸ್ ನಿಲ್ದಾಣದ ಹತ್ತಿರ ತಾನೇ ಕೇಳಿ ಒಂದು ಚಹಾ ಕುಡಿದಳು. ಬೇಡ ಅನ್ನಲೂ ಇಲ್ಲ, ಕುಡಿ ಎನ್ನಲೂ ಇಲ್ಲ ನಾನು. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ತಪ್ಪಿಸಬೇಡ ಎಂದೆ.

ಇಂಥ ಕೋಶಗಳು ಬಹಳ ಕಾಲ ಬೆಳೆಯುವುದಿಲ್ಲ. ನಾಲ್ಕಾರು ಸಲ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಂಚಿದ ಮೇಲೆ ದಣಿದು, ಅಗಲವಾಗಿ ಹರಡಿಕೊಂಡು, ನಿಂತುಬಿಡುತ್ತವೆ. ಕೆಲಸ ಮುಗಿದ ತಟ್ಟೆಗಳಿಗೆ ಬ್ಲೀಚ್ ಸುರಿದು ಎಸೆಯುವುದು ನಮ್ಮ ಕ್ರಮ. ಎಷ್ಟೋ ವರ್ಷ ಮಾಡಿದ್ದೇನೆ. ಅಕ್ಕ ನೋಡಿದ ಆ ತಟ್ಟೆಗಳ ಸರದಿ ಬಂದಾಗ ಕೈ ಏಳಲಿಲ್ಲ. ಪಕ್ಕದ ಸಹೋದ್ಯೋಗಿ ನನ್ನ ಮುಖ ನೋಡಿ, "ನಾ ಮಾಡ್ತೀನಿ ಬಿಡ್ರಿ" ಅಂದಳು. ಬೇಡ ಎಂದು ನಾನೇ ಸುರಿದೆ.

ಅಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ. ಈಗ ಓಣಿಯ ಮಕ್ಕಳು ಪಡಸಾಲೆಗೇ ಬಂದು ಲೆಕ್ಕ ಹೇಳಿಸಿಕೊಳ್ಳುತ್ತಾರೆ. ಮೊನ್ನೆ ಹೋದಾಗ, "ಆ ಕೆಂಪಂದು ಇನ್ನೂ ಐತೇನೇ?" ಎಂದು ಕೇಳಿದಳು.

"ಇಲ್ಲಕ್ಕ. ಎಸೆದೆ."

"ಎಸೀಲೇಬೇಕಾಗಿತ್ತೇನು?" ಅಂದಳು. ಹೌದು ಎಂದೆ. ಅವಳು ತಲೆಯಾಡಿಸಿ, ಕಾದು ಕೂತಿದ್ದ ಮಕ್ಕಳ ಪಾಟಿಯ ಕಡೆ ತಿರುಗಿದಳು.