ಏಳನೇ ಸವಾಲು

ನಾಲ್ವತ್ತರ ದಶಕದಲ್ಲಿ ನಾನು ರಾಯಚೂರಿನ ಒಂದು ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಹೈದರಾಬಾದಿನ ವಿಶ್ವವಿದ್ಯಾಲಯದಿಂದ ಬೇಸಿಗೆ ರಜೆಗೆ ಬಂದ ವಿದ್ಯಾರ್ಥಿಗಳಿಗಾಗಿ ನಮ್ಮ ಡಾಕ್ಟರು ರೋಗಗಳ ಬಗ್ಗೆ ಇಪ್ಪತ್ತು ಸವಾಲು, ಅಂದರೆ ಪ್ರಶ್ನೆ, ಬರೆದಿದ್ದರು. ಅವರು ತಮ್ಮೂರಿಗೆ ಹೋಗುವ ಮುನ್ನ ದವಾಖಾನೆಯಲ್ಲೇ ಕೂಡಿಸಿ ಒಮ್ಮೆ ಜವಾಬು ಬರೆಸಿದ್ದೆವು.

"ಹದಿನೈದು ದಿನ ಬಿಟ್ಟು ಅವ್ರ ಮನಿಗೇ ಹೋಗಿ ಮತ್ತ ಕೇಳ್ರಿ," ಅಂದರು ಡಾಕ್ಟರು. "ಅದೇ ಜವಾಬು ಬಂದ್ರ ನಮ್ಮ ಸವಾಲು ನಂಬಬಹುದು."

ದೇವದುರ್ಗದ ವಿದ್ಯಾರ್ಥಿಗಳು ಮೊದಲು ಬರೆದದ್ದನ್ನೇ ಮತ್ತೆ ಬರೆದರು. ಉಳಿದವನು ಮಾನ್ವಿಯ ಒಬ್ಬ.

ಅವನ ಮನೆಯ ಪಡಸಾಲೆಯಲ್ಲಿ ಅಜ್ಜಿ ಕಾಲು ಚಾಚಿ ಕುಳಿತಿದ್ದಳು. ಹಿಮ್ಮಡಿಯ ಹುಣ್ಣಿನಿಂದ ಬಿಳಿ ದಾರದಂಥ ಹುಳು ಹೊರಬಂದು ಒಂದು ಕಡ್ಡಿಗೆ ಸುತ್ತಿಕೊಂಡಿತ್ತು. ನಾರುಹುಣ್ಣು. ಹರಿಯದಂತೆ ದಿನಕ್ಕೆ ಒಂದೇ ಸುತ್ತು ಸುತ್ತಬೇಕು.

"ಈ ವಯಸ್ಸಿನ್ಯಾಗ ನೂಲಾಕತ್ತೀನಿ ನೋಡ್ರಿ," ಅಂತ ನಕ್ಕಳು.

ಮೊಮ್ಮಗ ಏಳನೇ ಸವಾಲಿಗೆ ಬಂದಿದ್ದ: ನಾರುಹುಣ್ಣು ಹೇಗೆ ಬರುತ್ತದೆ? ಅಷ್ಟರಲ್ಲಿ ಅವನ ತಾಯಿ ತಂಬಿಗೆಯಲ್ಲಿ ನೀರು ತಂದಳು. ಅಂದು ಬಾಣಂತಿ ಮಗಳ ಗಂಗಿಪೂಜೆ. ಗಂಗವ್ವನೆಂದು ಬಾವಿಯನ್ನು ಪೂಜಿಸಿ, ಮೆಟ್ಟಿಲ ಬಾವಿಗಿಳಿದು ಬಾಣಂತಿಯೇ ತುಂಬಿ ತಂದ ನೀರು.

"ಸೋಸ್ಯಾರೇನಪಾ?" ಮೊಮ್ಮಗನನ್ನು ಮೆಲ್ಲಗೆ ಕೇಳಿದೆ.

ತಾಯಿಗೆ ಕೇಳಿಸಿತು. "ಗಂಗವ್ವನ್ನ ಸೋಸ್ತಾರೇನ್ರೀ? ಬಾಣಂತಿ ಕುಡದಾಳ, ಈಗ ಮನಿಗೆ ಬಂದವ್ರು ಕುಡೀಬೇಕು. ಒಲ್ಲೆ ಅನಬ್ಯಾಡ್ರಿ, ಕೂಸಿಗೆ ಛಲೋ ಅಲ್ಲ."

ಬಾಣಂತಿ ಕೂಸನ್ನು ಎದೆಗವಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕುಡಿದೆ. ತಂಪಾಗಿತ್ತು, ಸಿಹಿಯಾಗಿತ್ತು. ನನ್ನ ನಂತರ ವಿದ್ಯಾರ್ಥಿಯೂ ಕುಡಿದು, ಬಾಯಿ ಒರೆಸಿಕೊಂಡು, ಬರೆದ: "ಮೆಟ್ಟಿಲ ಬಾವಿಯ ಸೋಸದ ನೀರಿನಿಂದ. ಕುಡಿದ ವರ್ಷಕ್ಕೆ ಹುಳು ಕಾಲಿನಲ್ಲಿ ಹೊರಬೀಳುತ್ತದೆ."

ರಾಯಚೂರಿನಲ್ಲಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಅಕ್ಷರಕ್ಕೆ ಅಕ್ಷರ ಒಂದೇ. "ಗಟ್ಟಿ ಸವಾಲು," ಎಂದು ಡಾಕ್ಟರು ಸಂತೋಷಪಟ್ಟರು. ನೀರು ಕುಡಿದದ್ದನ್ನು ನಾನು ಹೇಳಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ.

"ದಿನಾ ಏನ್ ನೋಡ್ತೀರಿ, ಕಾಲಾಗ ಕನ್ನಡಿಹಂಗ ಮಾರಿ ಕಾಣ್ತದೇನು?" ಎನ್ನುತ್ತಿದ್ದಳು ಹೆಂಡತಿ.

ಏನೂ ಕಾಣುತ್ತಿರಲಿಲ್ಲ. ಹೆದರಿಕೆ ಇದ್ದದ್ದೇ ಅಲ್ಲಿ. ಒಳಗಿದ್ದರೂ ವರ್ಷ ತುಂಬುವವರೆಗೆ ಅದು ಸುಳಿವು ಕೊಡುವುದಿಲ್ಲ. ಸದ್ದಿಲ್ಲದೆ ಉದ್ದವಾಗುತ್ತಾ ಕೆಳಗಿಳಿಯುತ್ತದೆ. ಔಷಧದ ಪುಡಿ ತೂಗುತ್ತಾ ನಿಂತಾಗ ಕೆಲವೊಮ್ಮೆ ಮೀನಖಂಡದಲ್ಲಿ ಏನೋ ನಿಧಾನವಾಗಿ ಮಗ್ಗಲು ಬದಲಿಸಿದಂತಾಗುತ್ತಿತ್ತು. ತಕ್ಕಡಿ ಕೆಳಗಿಟ್ಟು ಕೈಯಿಂದ ಒತ್ತಿ ನೋಡುತ್ತಿದ್ದೆ. ಬರೀ ಕಾಲು.

ಮರುವರ್ಷ ಬೇಸಿಗೆಯಲ್ಲಿ ಮಾನ್ವಿಯಿಂದ ಕಾರ್ಡು ಬಂತು. ಅದೇ ಗುಂಡು ಅಕ್ಷರ: "ಅಕ್ಕನಿಗೆ ಬಂತು. ಮೊನ್ನೆ ನನಗೂ ಬಂತು. ತಮಗೆ?"

ಮರುದಿನ ಬೆಳಿಗ್ಗೆ ಕಾಲು ತೊಳೆದೆ. ಎಡ ಹಿಮ್ಮಡಿಯ ಮೇಲೆ ತೊಗರಿಬೇಳೆಯಷ್ಟು ಗುಳ್ಳೆ ಎದ್ದಿತ್ತು, ಬೆಂಕಿ ತಾಗಿದಂತೆ ಉರಿಯುತ್ತಿತ್ತು. ತಣ್ಣೀರು ಸುರಿದೆ. ಗುಳ್ಳೆ ಒಡೆದು, ಬಿಳಿಯ ಎಳೆಯೊಂದು ತುದಿ ತೋರಿಸಿತು.

ಹೆಂಡತಿಯನ್ನು ಕರೆದು, ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡು ಬಾ ಅಂದೆ.