ಅರ್ಧ ಗಂಟೆಗೆ ಟೆಂಡರ್

1988ರ ಏಪ್ರಿಲ್‌ನಲ್ಲಿ, ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟ ವಾರ, ಸಾಗರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಎರಡು ವಿಡಿಯೊ ಗೇಮ್ ಅಂಗಡಿಗಳು ಎದುರುಬದುರಾಗಿ ತೆರೆದವು. ಒಂದು ನನ್ನ ಅಕ್ಕನದು. ಇನ್ನೊಂದು ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವರದು. ಎರಡರಲ್ಲೂ ಒಂದೊಂದೇ ಟಿವಿ, ಒಂದೊಂದೇ ಗೇಮ್ ಸೆಟ್.

ಅಕ್ಕನ ಸೆಟ್ ಪೂರ್ತಿ ಅವಳದಾಗಿರಲಿಲ್ಲ. ಗಲ್ಫ್‌ನಲ್ಲಿದ್ದ ಅವಳ ಮೈದುನ ರಜೆಗೆ ಬಂದಾಗ ತಂದದ್ದು. ಬೆಲೆ ಸಾವಿರದ ಇನ್ನೂರು. ಅರ್ಧವನ್ನು ಅವಳು ಮೊದಲೇ ಕೊಟ್ಟಿದ್ದಳು. ಉಳಿದ ಆರುನೂರನ್ನು ಅವನು ವಾಪಸ್ ಹೊರಡುವುದರೊಳಗೆ ಕೊಡಬೇಕು. ಇಲ್ಲದಿದ್ದರೆ ಸೆಟ್ ತೀರ್ಥಹಳ್ಳಿಯ ರೇಡಿಯೊ ಅಂಗಡಿಗೆ ಹೋಗುವುದೆಂದು ಮಾತಾಗಿತ್ತು. ಈ ಅಂಗಡಿಯನ್ನು ನಂಬಿ ಅಕ್ಕ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟಿದ್ದಳು. ನಾನು ಆಗ ಕಾಲೇಜಿನಲ್ಲಿದ್ದೆ. ಬೋರ್ಡಿನ ಮೇಲೆ ದರ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ದರ ಬಹಳ ಸಲ ಬರೆಯಬೇಕಾಯಿತು. ನಾವು ಅರ್ಧ ಗಂಟೆಗೆ ಒಂದು ರೂಪಾಯಿ ಎಂದೆವು. ಎದುರಿನವರು ಎಪ್ಪತ್ತೈದು ಪೈಸೆ ಎಂದರು. ನಾವು ಐವತ್ತಕ್ಕೆ ಇಳಿದೆವು. ಅವರೂ ಐವತ್ತಕ್ಕೆ ಇಳಿದು, ಮೇಲೊಂದು ಪೆಪ್ಪರ್‌ಮಿಂಟ್ ಸೇರಿಸಿದರು.

"ಇನ್ನು ಇಳಿಸಿದ್ರೆ ಕರೆಂಟ್ ಬಿಲ್ಲೂ ಹುಟ್ಟಲ್ಲ ಕಣೇ," ಎಂದೆ.

ಅಕ್ಕ ಬೀದಿ ನೋಡುತ್ತಿದ್ದಳು. "ಬುಧವಾರ ಮಧ್ಯಾಹ್ನ ಕುರ್ಚಿ ಖಾಲಿ. ಭಾನುವಾರ ಬಾಗಿಲಲ್ಲಿ ಮೂವತ್ತು ಮಕ್ಳು. ಎರಡೂ ದಿನ ಒಂದೇ ರೇಟ್ ಎಂತಕ್ಕೆ? ಮಂಡೀಲಿ ಹಿಂಗೆ ಮಾಲು ಮಾರ್ತಾರಾ?"

ಮಂಡಿಯಲ್ಲಿ ಅಡಿಕೆಗೆ ಯಾರೂ ಕೂಗಿ ಬೆಲೆ ಹೇಳುವುದಿಲ್ಲ. ವ್ಯಾಪಾರಿಗಳು ತಮ್ಮ ದರವನ್ನು ಚೀಟಿಯಲ್ಲಿ ಬರೆದು, ಇನ್ನೊಬ್ಬರಿಗೆ ಕಾಣದಂತೆ ಪೆಟ್ಟಿಗೆಗೆ ಹಾಕುತ್ತಾರೆ. ಆಮೇಲೆ ಎಲ್ಲರೆದುರು ಚೀಟಿ ಬಿಚ್ಚಿ, ಹೆಚ್ಚು ಬರೆದವರಿಗೆ ಮಾಲು ಕೊಡಲಾಗುತ್ತದೆ. ಇದಕ್ಕೆ ಟೆಂಡರ್ ಎನ್ನುತ್ತಾರೆ. ಮುಂದಿನ ಭಾನುವಾರ ನಮ್ಮ ಅಂಗಡಿಯಲ್ಲೂ ಹಾಗೆಯೇ ಆಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹದಿನೆಂಟು ಸರದಿ. ನಾಲ್ಕು ಜನ ಸೇರಿ ಒಂದು ಚೀಟಿ ಹಾಕಬಹುದು. ಪೆಟ್ಟಿಗೆಯ ಬದಲು ಹಾಲಿನ ಪುಡಿಯ ಡಬ್ಬ.

ಚೀಟಿ ಓದಿದವನು ನಾನು. "ಎರಡು ರೂಪಾಯಿ. ಎರಡೂಕಾಲು. ನಾಲ್ಕು!" ನಾಲ್ಕು ಎಂದಾಗ ಬೀದಿಯೇ ಕೂಗಿತು. ಚೀಟಿ ಬಿಚ್ಚುವುದನ್ನು ನೋಡಲು ಎದುರಿನ ಅಂಗಡಿಯ ಮಕ್ಕಳು ಆಟ ಬಿಟ್ಟು ಬಂದರು. ಅವರ ಹಿಂದೆ ಮಾಲೀಕರೂ ಬಂದು ನಿಂತರು.

"ಎಂತ ಮಾರಾಯ್ತಿ ಇದು, ಆಟದ ಅಂಗಡಿಯೋ ಅಡಿಕೆ ಮಂಡಿಯೋ?"

"ನೀವೂ ಒಂದು ಚೀಟಿ ಹಾಕಿ ಅಣ್ಣ," ಎಂದಳು ಅಕ್ಕ.

ನಾಲ್ಕು ಭಾನುವಾರ ಹೀಗೆ ನಡೆಯಿತು. ಐದನೆಯದು ಕೊನೆಯದು. ಸೋಮವಾರ ಬೆಳಿಗ್ಗೆ ಹೊಸನಗರದ ಬಸ್ಸಿನಲ್ಲಿ ಮೈದುನ ಬರುವವನಿದ್ದ. ಆರುನೂರು ತುಂಬಲು ಇನ್ನೂ ನಲವತ್ತೆರಡು ರೂಪಾಯಿ ಬೇಕಿತ್ತು.

ಅಂದು ಮೊದಲ ಚೀಟಿ ಬಿಚ್ಚಿದೆ. ಐವತ್ತು ಪೈಸೆ. ಎರಡನೆಯದೂ ಐವತ್ತು. ಡಬ್ಬದಲ್ಲಿದ್ದ ಎಲ್ಲ ಚೀಟಿಗಳಲ್ಲೂ ಐವತ್ತೇ. ಹದಿನೆಂಟು ಸರದಿಗೆ ಒಂಬತ್ತು ರೂಪಾಯಿ. ಮಕ್ಕಳು ನಗು ತಡೆಯಲಾಗದೆ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಮುಂದೆ ನಿಂತಿದ್ದವಳು ಅಡಿಕೆ ವ್ಯಾಪಾರಿಯೊಬ್ಬರ ಮಗಳು, ಒಂಬತ್ತನೇ ಕ್ಲಾಸಿನವಳು.

ಅಕ್ಕನಿಗೆ ತಕ್ಷಣ ಗೊತ್ತಾಯಿತು. "ಮೊದ್ಲೇ ಮಾತಾಡ್ಕಂಡು ಬರ್ದಿದೀರಿ. ನಿಮ್ಮಪ್ಪ ಕಲ್ಸಿದ್ರಾ?"

"ಅಪ್ಪ ಯಾಕೆ ಕಲಿಸ್ಬೇಕು? ನಾನೇನು ದಡ್ಡಿಯಾ?" ಎಂದಳು ಹುಡುಗಿ.

ಮಂಡಿಯಲ್ಲಿ ಬೆಳೆಗಾರನಿಗೆ ಒಂದು ಹಕ್ಕಿದೆ. ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡದೆ ಇರಬಹುದು. ಅಕ್ಕ ಟಿವಿ ಆರಿಸಿದಳು. "ರೇಟ್ ಒಪ್ಪಿಗೆ ಇಲ್ಲ" ಎಂದು ಬೋರ್ಡಿನ ಮೇಲೆ ತಾನೇ ಬರೆದು ಬಾಗಿಲು ಹಾಕಿದಳು. ಮಕ್ಕಳು ಹೋ ಎಂದು ರಸ್ತೆ ದಾಟಿದರು.

"ನಾಳೆ ಅವ್ನು ಸೆಟ್ ಎತ್ಕಂಡು ಹೋಗ್ತಾನೆ. ಒಂಬತ್ತಾದ್ರೂ ಬರ್ತಿತ್ತಲ್ಲೇ," ಎಂದೆ.

"ಒಂಬತ್ತು ಬಂದ್ರೂ ಎತ್ಕಂಡು ಹೋಗ್ತಾನೆ. ಸುಮ್ನೆ ಕೂತ್ಕ."

ಕಿಟಕಿಯ ಸಂದಿಯಿಂದ ನೋಡುತ್ತ ಕೂತೆವು. ಎದುರಿನ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ; ಅಲ್ಲಿದ್ದ ಒಂದೇ ಟಿವಿಗೆ ಎಲ್ಲ ಮಕ್ಕಳೂ ಕಾದಿದ್ದರು. ಹತ್ತೂವರೆಗೆ ಅಲ್ಲಿನ ಮಾಲೀಕರು ಹೊರಗೆ ಬಂದು, ಮುಚ್ಚಿದ ನಮ್ಮ ಬಾಗಿಲನ್ನೊಮ್ಮೆ ನೋಡಿದರು. ಒಳಗೆ ಹೋಗಿ ಸೀಮೆಸುಣ್ಣ ತಂದರು. ಐವತ್ತು ಪೈಸೆ ಅಳಿಸಿ ಎರಡು ರೂಪಾಯಿ ಎಂದು ಬರೆದರು. ಪೆಪ್ಪರ್‌ಮಿಂಟ್ ಎಂಬುದನ್ನೂ ಅಳಿಸಿದರು.

ಅಕ್ಕ ನನ್ನ ತೋಳು ಹಿಡಿದು ಅಲುಗಿಸಿದಳು. "ಈಗ ಮಕ್ಳು ಬರ್ತಾವೆ ನೋಡು, ಬರ್ತಾವೆ!"

ಹನ್ನೊಂದೂಕಾಲಿಗೆ ಬಾಗಿಲು ತಟ್ಟಿದ್ದು ಅದೇ ಹುಡುಗಿ. "ಅಕ್ಕ, ಎಲ್ರೂ ಸೇರಿ ಸರದಿಗೆ ಒಂದೂವರೆ ಕೊಡ್ತೀವಿ."

"ಎಲ್ರೂ ಸೇರಿ ಅಲ್ಲ. ಒಬ್ಬೊಬ್ರೇ ಒಳಗೆ ಬಂದು ಬರೀಬೇಕು."

ಅವರು ಒಬ್ಬೊಬ್ಬರಾಗಿ ಒಳಗೆ ಬಂದು, ಗೋಡೆಗೆ ಮುಖ ಮಾಡಿ ಬರೆದರು. ಹನ್ನೊಂದೂವರೆಯಿಂದ ಆರರವರೆಗೆ ಹದಿಮೂರು ಸರದಿ ಉಳಿದಿತ್ತು. ನಾನು ಓದಿದೆ. ಮೂರು. ಮೂರೂಕಾಲು. ಎರಡೂಮುಕ್ಕಾಲು. ನಾಲ್ಕೂವರೆಯ ಚೀಟಿ ಆ ಹುಡುಗಿಯದು. ಉಳಿದವರು ಅವಳ ಮೇಲೆ ಮುಗಿಬಿದ್ದರು.

"ನೀನೇ ಒಂದೂವರೆ ಅಂದಿದ್ದಲ್ಲೇ, ಕಳ್ಳಿ!"

"ನೀವು ಒಂದೂವರೆ ಬರೆದ್ರಾ?" ಎಂದಳು ಅವಳು. ಯಾರೂ ಬರೆದಿರಲಿಲ್ಲ.

ಸಂಜೆ ಆರಕ್ಕೆ ಡಬ್ಬದಲ್ಲಿ ನಲವತ್ಮೂರೂವರೆ ರೂಪಾಯಿ ಇತ್ತು.

ಸೋಮವಾರ ಬೆಳಿಗ್ಗೆ ಮೈದುನ ಬಂದ. ಜೊತೆಗೆ ರಟ್ಟಿನ ಪೆಟ್ಟಿಗೆ, ಹಗ್ಗ ಹಿಡಿದು ತೀರ್ಥಹಳ್ಳಿಯ ಅಂಗಡಿಯವರೂ ಬಂದಿದ್ದರು. ಅಕ್ಕ ಆರುನೂರು ರೂಪಾಯಿ ಕೊಟ್ಟಳು. ತೀರ್ಥಹಳ್ಳಿಯವರು ಖಾಲಿ ಪೆಟ್ಟಿಗೆಯೊಂದಿಗೆ ಮುಂದಿನ ಬಸ್ ಹತ್ತಿದರು.

ಸೆಟ್ ಈಗ ಅಕ್ಕನ ಮನೆಯ ಕಪಾಟಿನಲ್ಲಿದೆ. ಆಡುವ ಎರಡು ಹಿಡಿಕೆಗಳಲ್ಲಿ ಎಡಗಡೆಯದು ಮಾತ್ರ ಕೆಲಸ ಮಾಡುತ್ತದೆ.